ಅಪ್ಪನ ದ್ವೀಪಕ್ಕೆ ಹದಿನಾಲ್ಕು ಕರೆ

ಹನ್ನೊಂದನೆಯವನೂ ಆಗುವುದಿಲ್ಲ ಎಂದ. ನೇರವಾಗಿ ಹೇಳಿ ಮುಗಿಸಿದ್ದರೆ ಒಂದು ರೀತಿ. ಮೊದಲು ಗಾಳಿ ಮಳೆಯ ಕಥೆ ಹೇಳಿದ, ಆಮೇಲೆ ವಿಮೆಯ ಕಥೆ ಹೇಳಿದ, ಕೊನೆಗೆ, "ತಪ್ಪು ತಿಳ್ಕೋಬೇಡಿ ಮೇಡಂ, ಅಂಥವರಿಗೆ ಅಂತಲೇ ತಳಕ್ಕೆ ಗಾಜು ಹಾಕಿದ ದೋಣಿ ಇದೆ. ಆರಾಮಾಗಿ ಕೂತ್ಕೊಂಡು ಮೀನು ನೋಡಬಹುದು," ಎಂದು ದೊಡ್ಡ ಮನಸ್ಸು ತೋರಿಸಿದ. ಅಂಥವರು ಎಂದರೆ ಎಂಥವರು ಎಂದು ಜಗಳ ತೆಗೆಯುವ ಉಮೇದು ಅವಳಿಗೆ ಆರನೆಯ ಕರೆಯ ಹೊತ್ತಿಗೇ ತೀರಿಹೋಗಿತ್ತು. ಥ್ಯಾಂಕ್ಸ್ ಹೇಳಿ, ಕೈಯಲ್ಲಿದ್ದ ಚೀಟಿಯಲ್ಲಿ ಆ ನಂಬರಿನ ಮೇಲೆ ಗೀಟು ಎಳೆದಳು.

ಅವಳು ನಿಂತಿದ್ದದ್ದು ಕೊರಿಯರ್ ಕಚೇರಿಯ ಹಿಂದಿನ ಮೆಟ್ಟಿಲ ತಿರುವಿನಲ್ಲಿ, ಹರಿದ ರಟ್ಟಿನ ಪೆಟ್ಟಿಗೆಗಳ ರಾಶಿಯ ಪಕ್ಕ. ಊಟದ ಬಿಡುವು ಅರ್ಧ ಗಂಟೆ. ಎರಡು ವಾರದಿಂದ ಅವಳ ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಮನೆಗೆ ವಾಪಸಾಗುತ್ತಿತ್ತು. ಹೊರಡಲು ಇನ್ನು ಹತ್ತೊಂಬತ್ತು ದಿನ. ಮನೆಯಲ್ಲಿ ಅಪ್ಪ, ಅಮ್ಮ, ತಂಗಿ ಮೂವರೂ ದ್ವೀಪಕ್ಕೆ ಹೋಗಿ ಸಮುದ್ರದಲ್ಲಿ ಮುಳುಗುವ ಸಂಭ್ರಮದಲ್ಲಿದ್ದರು. ಡೈವಿಂಗ್ ಕೇಂದ್ರದವರು ಒಪ್ಪಿದ್ದಾರೆ ಎಂದು ಅವರಿಗೆ ಹೇಳಿದವಳು ಇವಳೇ. ಒಪ್ಪಿದವರು ಈ ಭೂಮಿಯ ಮೇಲೆ ಇನ್ನೂ ಯಾರೂ ಇರಲಿಲ್ಲ.

ಆ ಮೂವರಿಗೂ ಕಿವಿ ಕೇಳಿಸುವುದಿಲ್ಲ. ಹುಟ್ಟಿದಾಗಿನಿಂದ. ಆ ಮನೆಯಲ್ಲಿ ಕೇಳಿಸುವುದು ಇವಳೊಬ್ಬಳಿಗೇ.

ಅವರ ಹೆಸರುಗಳು ಬಾಯಲ್ಲಿಲ್ಲ, ಕೈಯಲ್ಲಿವೆ. ಹನ್ನೊಂದು ವರ್ಷದ ತಂಗಿಯ ಮುಂದಿನ ಎರಡು ಹಲ್ಲಿನ ನಡುವೆ ಅಕ್ಕಿಕಾಳು ತೂರುವಷ್ಟು ಸಂದಿ. ಅವಳನ್ನು ಕರೆಯಬೇಕಾದರೆ ತೋರುಬೆರಳಿನಿಂದ ಹಲ್ಲು ಮುಟ್ಟಿಕೊಳ್ಳುತ್ತಾರೆ. ನಾವೂ ಅವಳನ್ನು ಸಂದಿಹಲ್ಲು ಎಂದೇ ಕರೆಯೋಣ, ಅವಳೇನೂ ಬೇಜಾರು ಮಾಡಿಕೊಳ್ಳುವವಳಲ್ಲ. ಇಪ್ಪತ್ತೆರಡು ವರ್ಷದ ಇವಳಿಗೋ, ಹೆಬ್ಬೆರಳು ಕಿರುಬೆರಳು ಚಾಚಿ ಕಿವಿಗೆ ಹಿಡಿಯುವ ಸನ್ನೆ. ಫೋನು. ಮಾತು ಕಲಿತ ದಿನದಿಂದ ಇವಳು ಆ ಮನೆಯ ಫೋನು, ಬಾಗಿಲ ಗಂಟೆ, ಡಾಕ್ಟರ ಮುಂದಿನ ಬಾಯಿ, ಎಲ್ಲವೂ ಆಗಿದ್ದಳು.

ಬಾಯಿ ಎಂದ ಮೇಲೆ ಅದಕ್ಕೊಂದು ಚಟವೂ ಅಂಟಿಕೊಂಡಿತ್ತು. ಇವಳು ಏಳು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಬಾಡಿಗೆ ಮನೆ ನೋಡಲು ಹೋಗಿದ್ದಳು. ಮನೆಯ ಒಡತಿ ಬಾಗಿಲಲ್ಲೇ ನಿಂತು, "ಮೂಗರಿಗೆ ಮನೆ ಕೊಟ್ಟು ನಾನೇನು ದಿನಾ ಕೈ ಕುಣಿಸ್ತಾ ಕೂರಬೇಕಾ?" ಎಂದಳು. ಏಳು ವರ್ಷದ ಪುಟ್ಟ ಕೈಗಳು ಅಪ್ಪ ಅಮ್ಮನ ಕಡೆ ತಿರುಗಿ, "ಮನೆ ನಿನ್ನೆಯೇ ಬೇರೆಯವರಿಗೆ ಹೋಯ್ತಂತೆ. ಪಾಪ, ತುಂಬಾ ಬೇಜಾರು ಮಾಡ್ಕೊಂಡ್ರು," ಎಂದವು. ಅಮ್ಮ ಆ ಹೆಂಗಸಿಗೆ ನಕ್ಕು, ತಲೆಯಾಡಿಸಿ, ಕೃತಜ್ಞತೆಯಿಂದ ಮೆಟ್ಟಿಲಿಳಿದಳು. ಅಂದಿನಿಂದ ಇವಳು ಲೋಕದ ಮಾತನ್ನು ಸೋಸಿಯೇ ಮನೆಗೆ ಕೊಡುತ್ತಿದ್ದಳು. ಕಲ್ಲು ಮುಳ್ಳು ಎಲ್ಲ ತನ್ನ ಹೊಟ್ಟೆಯೊಳಗೆ.

ಸಿಕ್ಕ ಕೆಲಸವೂ ಅದಕ್ಕೆ ತಕ್ಕ ಹಾಗೇ ಇತ್ತು. ಕೊರಿಯರ್ ಕಚೇರಿಯ ದೂರು ವಿಭಾಗದಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂರಬೇಕು. ಅಲ್ಲಿನ ಮೊದಲ ಪಾಠ, ಪಾರ್ಸೆಲ್ ಕಳೆದಿದೆ ಎಂದು ಯಾರಿಗೂ ಹೇಳಕೂಡದು. ದಾರಿಯಲ್ಲಿದೆ ಎನ್ನಬೇಕು. ನೀರಲ್ಲಿ ನೆಂದು ಮುದ್ದೆಯಾದ ಪಾರ್ಸೆಲ್ಲೂ ದಾರಿಯಲ್ಲಿದೆ, ಗೋದಾಮಿನಿಂದ ಮಾಯವಾದದ್ದೂ ದಾರಿಯಲ್ಲಿದೆ. ಇವಳಷ್ಟು ಚೆನ್ನಾಗಿ ಅದನ್ನು ಹೇಳುವವರು ಆ ಮಹಡಿಯಲ್ಲೇ ಇರಲಿಲ್ಲವಾದ್ದರಿಂದ ಮೇಲ್ವಿಚಾರಕಿ ಹೊಸಬರನ್ನೆಲ್ಲ ಇವಳ ಪಕ್ಕದಲ್ಲೇ ಕೂರಿಸುತ್ತಿದ್ದಳು.

ಈ ದ್ವೀಪದ ಹುಚ್ಚು ಶುರುವಾದದ್ದು ಅಪ್ಪನಿಂದ. ಅಪ್ಪ ದೊಡ್ಡ ಮುದ್ರಣಾಲಯವೊಂದರಲ್ಲಿ ಕಾಗದ ಕತ್ತರಿಸುವ ಯಂತ್ರದ ಮೇಲೆ ಇಪ್ಪತ್ತಾರು ವರ್ಷದಿಂದ ಇದ್ದಾನೆ. ಹತ್ತೂ ಬೆರಳು ನೆಟ್ಟಗಿಟ್ಟುಕೊಂಡಿರುವ ಹಳಬ ಅಲ್ಲಿ ಅವನೊಬ್ಬನೇ. ಕೈಯೇ ತನ್ನ ಬಾಯಿ, ಅದನ್ನು ಯಂತ್ರಕ್ಕೆ ಕೊಡುತ್ತೀನಾ ಎನ್ನುವುದು ಅವನ ತಮಾಷೆ. ಒಂದು ಸಂಜೆ ಅವನು ಬಣ್ಣ ಸರಿ ಕೂರದೆ ಬಿಸಾಡಿದ ದೊಡ್ಡ ಹಾಳೆಯೊಂದನ್ನು ಸುತ್ತಿಕೊಂಡು ಬಂದ. ಯಾವುದೋ ಪ್ರವಾಸದ ಪುಸ್ತಕದ್ದು. ಹವಳದ ಬಂಡೆಗಳ ನಡುವೆ ಬಾಯಿಗೆ ಕೊಳವೆ ಕಚ್ಚಿಕೊಂಡ ಜನ. ಅದರ ಕೆಳಗೆ ಸಾಲಾಗಿ ಕೈಗಳ ಚಿತ್ರ: ಮೇಲೆ ಹೋಗು, ನಿಲ್ಲು, ಎಲ್ಲ ಸರಿಯಿದೆ, ಗಾಳಿ ಕಡಿಮೆಯಾಗಿದೆ.

"ನೋಡು ಇವರ ಅವಸ್ಥೆ!" ಅಪ್ಪನ ಕೈಗಳು ಖುಷಿಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. "ನೀರೊಳಗೆ ಹೋದ್ರೆ ಬಾಯಿದ್ದೋರಿಗೂ ಬಾಯಿಲ್ಲ. ಮೂವತ್ತು ಪದ ಇಟ್ಕೊಂಡು ಒದ್ದಾಡ್ತಾರೆ ಪಾಪ. ಅಲ್ಲಿ ನಾವು ಕಾದಂಬರಿ ಹೇಳಬಹುದು."

"ಜಗಳಾನೂ ಆಡಬಹುದು," ಎಂದಳು ಅಮ್ಮ.

"ಆಡೋಣ! ಸಮುದ್ರದ ತಳದಲ್ಲಿ ನಿಂತ್ಕೊಂಡು ಆಡೋಣ." ಆಮೇಲೆ ಅಪ್ಪ ಇವಳ ಕಡೆ ತಿರುಗಿ, ಕೈ ನಿಧಾನ ಮಾಡಿ ಹೇಳಿದ. "ಅಲ್ಲಿ ನೀನೂ ನಮ್ಮ ಹಾಗೇ. ಯಾರ ಮಾತನ್ನೂ ಯಾರಿಗೂ ದಾಟಿಸಬೇಕಾಗಿಲ್ಲ. ಒಂದು ವಾರ ನಿನಗೂ ರಜ."

ಹುಟ್ಟಿದ ಮೇಲೆ ಇವಳಿಗೆ ರಜ ಕೊಡಬೇಕೆಂದು ಯಾರಾದರೂ ಯೋಚಿಸಿದ್ದು ಅದೇ ಮೊದಲು. ಆ ಸಂಜೆಯೇ, ಮೂವರೂ ಮೇಜಿನ ಸುತ್ತ ಕುಳಿತು ಇವಳ ಮುಖವನ್ನೇ ನೋಡುತ್ತಿರುವಾಗ, ಇವಳು ಮೊದಲ ಕೇಂದ್ರಕ್ಕೆ ಫೋನ್ ಮಾಡಿದಳು.

"ಕಿವುಡರಾ? ಅದೂ ಮೂರು ಜನ?" ಎಂದಿತು ಆ ಕಡೆಯ ಗಂಡಸಿನ ದನಿ. "ಅವರನ್ನ ನೀರಿಗಿಳಿಸಿ ನಾನು ಜೈಲಿಗೆ ಹೋಗಬೇಕಾ? ಬೇರೆ ಎಲ್ಲಾದ್ರೂ ನೋಡ್ಕೊಳ್ಳಿ."

ಸಂದಿಹಲ್ಲು ಕುರ್ಚಿಯ ತುದಿಗೆ ಬಂದಿದ್ದಳು. ಅಮ್ಮ ಎರಡೂ ಕೈಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಫೋನ್ ಇನ್ನೂ ಕಿವಿಯಲ್ಲಿರುವಾಗಲೇ ಇವಳ ಬಿಡುವಿದ್ದ ಕೈ ತನ್ನಷ್ಟಕ್ಕೆ ತಾನೇ, "ಯಾವ ದಿನ ಖಾಲಿ ಇದೆ ಅಂತ ನೋಡಿ ಹೇಳ್ತಾರಂತೆ," ಎಂದುಬಿಟ್ಟಿತು. ಅಮ್ಮ ಎದ್ದು ಬಂದು ಇವಳನ್ನು ಬಾಚಿ ತಬ್ಬಿಕೊಂಡಳು.

ಒಬ್ಬನಲ್ಲದಿದ್ದರೆ ಇನ್ನೊಬ್ಬ ಒಪ್ಪುತ್ತಾನೆ, ಆಗ ಈ ಸುಳ್ಳು ತಾನಾಗಿ ನಿಜವಾಗುತ್ತದೆ ಎಂದು ಇವಳು ಅಂದುಕೊಂಡಿದ್ದಳು. ಎರಡನೆಯವನು ಇಲ್ಲವೆಂದ. ಮೂರನೆಯವಳು ನಕ್ಕಳು. ನಾಲ್ಕನೆಯವನು ಯೋಚಿಸಿ ಹೇಳುತ್ತೇನೆ ಎಂದವನು ಮತ್ತೆ ಫೋನ್ ಎತ್ತಲೇ ಇಲ್ಲ. ಅಷ್ಟರಲ್ಲಿ ಮುದ್ರಣಾಲಯದ ಮಾಲೀಕ ಅಪ್ಪನಿಗೆ ಎಂಟು ದಿನ ಒಟ್ಟಿಗೇ ರಜ ಕೊಟ್ಟ. ಹಿಂದೆಂದೂ ಕೊಟ್ಟಿರಲಿಲ್ಲ. ಬೆಳಗಿನ ಚಹಾದ ಹೊತ್ತಿಗೆ ಅಪ್ಪ ರಜೆಯ ಚೀಟಿಯನ್ನು ಮೇಜಿನ ಮೇಲೆ ಹರಡಿ, "ಏನಂದ್ರು ಅವರು? ಒಪ್ಪಿದ್ರಾ?" ಎಂದು ಕೇಳಿದ. ದಾರಿಯಲ್ಲಿದೆ ಎನ್ನುವ ಹಾಗಿರಲಿಲ್ಲ. ಇವಳು ಒಪ್ಪಿದರು ಎಂದಳು. ಸಂಜೆ ಕೆಲಸದಿಂದ ಬರುವಷ್ಟರಲ್ಲಿ ಅಪ್ಪ ವಿಮಾನದ ನಾಲ್ಕು ಟಿಕೆಟ್ಟನ್ನು ತಂದು ಗೋಡೆಗೆ ಅಂಟಿಸಿದ್ದ.

ಅಲ್ಲಿಂದ ಮುಂದೆ ಆ ಮನೆಯನ್ನು ಹಿಡಿಯುವವರೇ ಇರಲಿಲ್ಲ. ಅಮ್ಮ ಶಾಲೆಯ ಸಮವಸ್ತ್ರ ಹೊಲಿಯುವವಳು. ಅವಳು ತೋಳುದ್ದದ ಈಜುಡುಗೆಗಳನ್ನು ತಾನೇ ಕತ್ತರಿಸಿ ಹೊಲಿದಳು. ಎಳೆದರೆ ಹಿಗ್ಗುವ ಆ ಬಟ್ಟೆ ಸೂಜಿಯ ಕೆಳಗೆ ಜಾರಿ ಜಾರಿ ಅವಳನ್ನು ಅಳಿಸಿದರೂ ಬಿಡಲಿಲ್ಲ. ಅವಳಿಗೆ ಆಳವೆಂದರೆ ಭಯ. ತಾನು ಮೂತಿಗೆ ಕೊಳವೆ ಹಾಕಿಕೊಂಡು ಮೇಲೇ ತೇಲುತ್ತೇನೆ, ಸ್ನಾರ್ಕೆಲಿಂಗ್ ಸಾಕು, ಮೇಲಿನಿಂದಲೇ ನಿಮ್ಮನ್ನೆಲ್ಲ ಬೈಯುತ್ತಿರುತ್ತೇನೆ ಎಂದಿದ್ದಳು. ಅಪ್ಪ ದಿನಾ ಬೆಳಿಗ್ಗೆ ಈಜುಕೊಳಕ್ಕೆ ಹೋಗಿ ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದ. ರಟ್ಟಿನ ಹಾಳೆಯ ಮೇಲೆ ಎಂಟು ದಿನಕ್ಕೆ ಎಂಟು ಚೌಕ ಹಾಕಿ, ವಾಪಸ್ ಹೊರಡುವ ಹಿಂದಿನ ದಿನದ ಚೌಕದಲ್ಲಿ ದೊಡ್ಡದೊಂದು ಅಡ್ಡಗೆರೆ ಎಳೆದಿದ್ದ. ಮುಳುಗಿದ ಮರುದಿನದವರೆಗೆ ವಿಮಾನ ಹತ್ತಬಾರದಂತೆ, ರಕ್ತದಲ್ಲಿ ಗುಳ್ಳೆ ಏಳುತ್ತದಂತೆ. ಅಷ್ಟನ್ನು ಓದಿ ಹೇಳಿದವಳು ಸಂದಿಹಲ್ಲು. ಅಪ್ಪ ಅಮ್ಮನಿಗೆ ಅಕ್ಷರ ಬರುತ್ತಿತ್ತು, ಉದ್ದದ ವಾಕ್ಯ ಬರುತ್ತಿರಲಿಲ್ಲ. ಕಿವಿ ಕೇಳದ ಮಕ್ಕಳ ಒಳ್ಳೆಯ ಶಾಲೆಗೆ ಹೋಗುತ್ತಿದ್ದ ಅವಳಿಗೆ ಎರಡೂ ಬರುತ್ತಿತ್ತು.

ಸಂದಿಹಲ್ಲು ಬಚ್ಚಲಲ್ಲಿ ಬಕೆಟ್ಟಿಗೆ ಮುಖ ಮುಳುಗಿಸಿ ಉಸಿರು ಹಿಡಿಯುತ್ತಿದ್ದಳು. ಗಡಿಯಾರ ಹಿಡಿದು ನಿಲ್ಲುವ ಕೆಲಸ ಅಕ್ಕನದು. ತಲೆಯೆತ್ತಿದಾಗೆಲ್ಲ ನೀರು ಸುರಿಸುತ್ತ, "ಎಷ್ಟಾಯ್ತು? ಅವರಿಗೆ ಹೇಳು, ನನ್ನ ಬಗ್ಗೆ ಹೇಳು!" ಎಂದು ಒದ್ದೆ ಕೈಯಲ್ಲಿ ಕೇಳುತ್ತಿದ್ದಳು.

"ಹೇಳಿದೀನಿ," ಎನ್ನುತ್ತಿದ್ದಳು ಇವಳು.

ಹನ್ನೆರಡನೆಯವಳು ಒಳ್ಳೆಯ ಹೆಂಗಸು. ಅವಳ ದನಿಯಲ್ಲೇ ಅದು ಗೊತ್ತಾಗುತ್ತಿತ್ತು. "ನನ್ನದೇ ಆಗಿದ್ರೆ ಖಂಡಿತ ಕರ್ಕೊಳ್ತಿದ್ದೆ ಕಣಮ್ಮ. ಮಾಲೀಕರು ಕೇಳಲ್ಲ," ಎಂದಳು. ಇವಳು ಮೆಟ್ಟಿಲ ಮೇಲೆ ಕುಸಿದು ಕುಳಿತು, ನಾಚಿಕೆ ಬಿಟ್ಟು ಅಂಗಲಾಚಿದಳು. ಒಂದೇ ಒಂದು ಸಲ, ಮೊಣಕಾಲುದ್ದದ ನೀರಾದರೂ ಸರಿ, ನಾನು ಪಕ್ಕದಲ್ಲೇ ಇರುತ್ತೇನೆ ಎಂದಳು. ಆ ಹೆಂಗಸು ಕೇಳಿಸಿಕೊಂಡಳು, ನಿಟ್ಟುಸಿರಿಟ್ಟಳು, ಮತ್ತೆ ಆಗುವುದಿಲ್ಲ ಎಂದಳು. ಹದಿಮೂರನೆಯವನಿಗೆ ಮಾತು ಮುಗಿಸುವಷ್ಟು ತಾಳ್ಮೆಯೂ ಇರಲಿಲ್ಲ.

ಹೊರಡಲು ಹನ್ನೆರಡು ದಿನ ಉಳಿದಾಗ ಇವಳು ಹದಿನಾಲ್ಕನೆಯ ಕೇಂದ್ರಕ್ಕೆ ಫೋನ್ ಮಾಡಿದಳು. ನಾಲ್ಕು ಜನ, ಮೂವರು ಮುಳುಗುವವರು, ಒಬ್ಬರು ತೇಲುವವರು ಎಂದಳು. ಕಿವಿಯ ವಿಷಯ ಎತ್ತಲಿಲ್ಲ. ಅವರು ಕಳಿಸಿದ ಆರೋಗ್ಯದ ಫಾರ್ಮಿನಲ್ಲಿ ಉಬ್ಬಸ ಇದೆಯೇ, ಹೃದಯದ ತೊಂದರೆ ಇದೆಯೇ, ಕಿವಿ ಅಥವಾ ಕೇಳುವಿಕೆಯ ತೊಂದರೆ ಇದೆಯೇ ಎಂಬ ಪ್ರಶ್ನೆಗಳಿದ್ದವು. ಅಪ್ಪ, ಅಮ್ಮ, ತಂಗಿ ಮೂವರ ಹೆಸರಿನ ಮುಂದೂ ಇಲ್ಲ, ಇಲ್ಲ, ಇಲ್ಲ ಎಂದು ತುಂಬಿ ಕಳಿಸಿದಳು. ಹತ್ತು ನಿಮಿಷದಲ್ಲಿ ಬುಕಿಂಗ್ ಖಚಿತವಾಯಿತು. ಅವತ್ತು ಮಧ್ಯಾಹ್ನ ಇವಳು ಡಬ್ಬಿ ತೆಗೆದು, ಬಗ್ಗಿಸಿದ ತಲೆ ಎತ್ತದೆ, ಒಂದು ಅಗುಳೂ ಬಿಡದೆ ಉಂಡಳು. ಹೋದ ಮೇಲೆ ಹೇಗೋ ಆಗುತ್ತದೆ. ಅಷ್ಟು ದೂರ ಬಂದವರನ್ನು ಎದುರಿಗೆ ನೋಡಿ ಯಾರು ವಾಪಸ್ ಕಳಿಸುತ್ತಾರೆ? ಹೀಗೆ ತನಗೆ ತಾನೇ ಹೇಳಿಕೊಂಡಳು. ತನ್ನನ್ನೂ ಅವಳು ಗಿರಾಕಿಯ ಹಾಗೇ ಸಮಾಧಾನ ಮಾಡುತ್ತಿದ್ದಳು.

ಆ ಸಮಾಧಾನ ಎರಡು ದಿನವೂ ಬಾಳಲಿಲ್ಲ. ಅಲ್ಲಿನ ತರಬೇತುದಾರನೇ ಫೋನ್ ಮಾಡಿದ. ವಯಸ್ಸಾದ, ಒರಟಾದ ದನಿ. "ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ವಿಡಿಯೋದಲ್ಲಿ ಸಿಗ್ತೀನಮ್ಮ. ನೀರಿಗೆ ಕರ್ಕೊಂಡು ಹೋಗೋರ ಮುಖ ನಾನು ಮೊದಲೇ ನೋಡಬೇಕು. ಹತ್ತು ನಿಮಿಷ ಸಾಕು."

"ಅವರಿಗೆ ನಿಮ್ಮ ಭಾಷೆ ಅಷ್ಟಾಗಿ ಬರಲ್ಲ ಸರ್."

"ನೀನಿದೀಯಲ್ಲ, ಹೇಳು."

ಭಾನುವಾರ ಅಮ್ಮ ಹೊಲಿಗೆ ಯಂತ್ರವನ್ನು ಮೂಲೆಗೆ ಸರಿಸಿ, ಆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಮೂವರೂ ಒಗೆದ ಬಟ್ಟೆ ಹಾಕಿಕೊಂಡು ಫೋಟೋಗೆ ಕೂತವರ ಹಾಗೆ ಸಾಲಾಗಿ ಕುಳಿತರು.

"ನಮಗೆ ಕೇಳಿಸಲ್ಲ ಅಂತ ಅವರಿಗೆ ಗೊತ್ತಲ್ಲ?" ಎಂದು ಅಪ್ಪ ಕೇಳಿದ.

"ಗೊತ್ತು. ಸುಮ್ಮನೆ ಮುಖ ನೋಡ್ತಾರಂತೆ. ನಾನು ಹೇಳಿದ ಹಾಗೆ ಮಾಡಿ ಸಾಕು."

ಇವಳು ಲ್ಯಾಪ್‌ಟಾಪಿನ ಹಿಂದೆ, ಕ್ಯಾಮೆರಾಕ್ಕೆ ಕಾಣದ ಜಾಗದಲ್ಲಿ ಕುಳಿತಳು. ತರಬೇತುದಾರನ ದನಿ ಬಂದಾಗೆಲ್ಲ ಇವಳ ಕೈ ಮನೆಯವರಿಗೆ ಹೇಳುತ್ತಿತ್ತು. ಬಾಯಿ ಮಾತ್ರ, ಆ ಕಡೆಯವನನ್ನು ನಂಬಿಸಲು, ಯಾವ ದೇಶದ್ದೂ ಅಲ್ಲದ ಒಂದು ಭಾಷೆಯನ್ನು ಗುಣುಗುಣು ಒದರುತ್ತಿತ್ತು. ಬೇರೆ ಹೊತ್ತಿನಲ್ಲಾಗಿದ್ದರೆ ಅವಳಿಗೇ ನಗು ಬರುತ್ತಿತ್ತು. ಈಗ ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಈಜು ಬರುತ್ತಾ ಎಂದು ಅವನು ಕೇಳಿದ, ಅಪ್ಪ ತಲೆಯಾಡಿಸಿದ. ಚಿಕ್ಕವಳಿಗೆ ಭಯ ಇಲ್ಲ ತಾನೇ ಎಂದ. ಸಂದಿಹಲ್ಲು ಹೆಬ್ಬೆರಳು ತೋರುಬೆರಳು ಕೂಡಿಸಿ, ಎಲ್ಲ ಸರಿಯಿದೆ ಎನ್ನುವ ಮುಳುಗುಗಾರರ ಸನ್ನೆ ಮಾಡಿ, ಹಲ್ಲಿನ ಸಂದಿಯೆಲ್ಲ ಕಾಣುವ ಹಾಗೆ ನಕ್ಕಳು. ಆ ಕಡೆಯವನೂ ನಕ್ಕ. ಮನುಷ್ಯ ಒರಟನೇನೂ ಅಲ್ಲ.

"ಸರಿ, ಕೊನೇದು ಒಂದಿದೆ. ನೀರೊಳಗೆ ನಾನು ಹಿಂದೆ ಇರ್ತೀನಿ. ನೀವು ನನ್ನ ನೋಡ್ತಾ ಇರಲ್ಲ, ಮೀನು ನೋಡ್ತಾ ಇರ್ತೀರಿ. ಏನಾದ್ರೂ ಅಪಾಯ ಕಂಡ್ರೆ ನಾನು ಬೆನ್ನಿನ ಸಿಲಿಂಡರ್ ಮೇಲೆ ಹೀಗೆ ಬಡೀತೀನಿ." ಟಣ್ ಟಣ್ ಟಣ್ ಎಂಬ ಸದ್ದು ಬಂತು. "ಕೇಳಿದ ಕೂಡಲೇ ನನ್ನ ಕಡೆ ತಿರುಗಬೇಕು. ಅದೊಂದೇ ನನ್ನ ನಿಯಮ. ಈಗ ಎಲ್ಲರಿಗೂ ಆ ಕಡೆ ತಿರುಗಿ ನಿಲ್ಲೋಕೆ ಹೇಳಮ್ಮ. ನಾನು ಬಡಿದಾಗ ತಿರುಗಲಿ, ನೋಡೋಣ."

ಇವಳ ಕೈ ಹೇಳಿತು: "ಎದ್ದು ಗೋಡೆ ಕಡೆ ತಿರುಗಿ ನಿಲ್ಲಿ. ಎತ್ತರ ನೋಡ್ತಾರಂತೆ. ಸ್ವಲ್ಪ ಹೊತ್ತಿಗೆ ತಿರುಗಿ." ಮೂವರೂ ಎದ್ದು ತಿರುಗಿ ನಿಂತರು. ನಿಂತ ಮೇಲೆ ಇವಳಿಗೆ ಹೊಳೆಯಿತು. ಬೆನ್ನು ತಿರುಗಿಸಿದವರಿಗೆ ಇವಳು ಇನ್ನು ಏನನ್ನೂ ಹೇಳಲಾರಳು.

ಟಣ್ ಟಣ್ ಟಣ್.

ಅಪ್ಪನ ಬೆನ್ನು, ಅಮ್ಮನ ಬೆನ್ನು, ನಡುವೆ ಸಂದಿಹಲ್ಲಿನ ಪುಟ್ಟ ಬೆನ್ನು. ಎತ್ತರ ಚೆನ್ನಾಗಿ ಕಾಣಲೆಂದು ಅವಳು ತುದಿಗಾಲ ಮೇಲೆ ನಿಂತಿದ್ದಳು. ಯಾರೂ ಅಲುಗಲಿಲ್ಲ. ಮತ್ತೆ ಬಡಿದ ಸದ್ದು ಬಂತು, ಈ ಸಲ ಜೋರಾಗಿ, ಮೇಜೆಲ್ಲ ಝಣ್ ಎನ್ನುವ ಹಾಗೆ. ತಂಗಿಯ ಜಡೆ ಕೂಡ ಅಲ್ಲಾಡಲಿಲ್ಲ. ಅವಳು ಹೀಗೇ, ಇಷ್ಟೇ ಖುಷಿಯಲ್ಲಿ, ಹವಳದ ಬಂಡೆಯಾಚೆ ಆಳಕ್ಕೆ ಇಳಿದು ಹೋಗುತ್ತಿರುತ್ತಾಳೆ. ಹಿಂದೆ ಈ ಮನುಷ್ಯ ಬಡಿಯುತ್ತಲೇ ಇರುತ್ತಾನೆ. ಅದನ್ನು ಇವಳು ಕಣ್ಣಾರೆ ಕಂಡಳು, ಈ ಕೋಣೆಯಲ್ಲೇ, ಹೊಲಿಗೆ ಯಂತ್ರದ ಪಕ್ಕದಲ್ಲೇ.

"ನೆಟ್‌ವರ್ಕ್ ಸರಿ ಇಲ್ವೇನೋ? ನನ್ನ ಸದ್ದು ಬರ್ತಿಲ್ವಾ?" ಎಂದ ಅವನು.

ಹೌದು ಸರ್ ಎಂದರೆ ಸಾಕಿತ್ತು. ಆ ಪುಣ್ಯಾತ್ಮ ಸುಳ್ಳನ್ನು ತಾನೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದ. ಇವಳು ಎದ್ದು ಮೇಜನ್ನು ಬಳಸಿ ಬಂದು, ಮೂವರ ಮುಂದೆ, ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ಸದ್ದು ಬರ್ತಿದೆ ಸರ್. ಅವರಿಗೆ ಕೇಳಿಸಲ್ಲ. ಮೂವರಿಗೂ ಹುಟ್ಟಿದಾಗಿನಿಂದ ಕೇಳಿಸಲ್ಲ. ನಾನು ಫಾರ್ಮಿನಲ್ಲಿ ಸುಳ್ಳು ಬರೆದಿದ್ದೆ." ಬಾಯಿ ಹೇಳಿದ್ದನ್ನೇ ಕೈಯೂ ಹೇಳಿತು. ಎರಡೂ ಒಂದೇ ಮಾತು ಆಡಿದ್ದು ಎಷ್ಟು ವರ್ಷದ ಮೇಲೋ ಅವಳಿಗೇ ನೆನಪಿರಲಿಲ್ಲ. ಅಪ್ಪನ ಮುಖದ ನಗು ಅರ್ಧಕ್ಕೇ ನಿಂತಿತು.

ಆ ಕಡೆಯಿಂದ ಬಂದ ದನಿ ಗಟ್ಟಿಯಾಗಿರಲಿಲ್ಲ. ಗಟ್ಟಿಯಾಗಿದ್ದರೆ ಇವಳಿಗೆ ಸಹಿಸುವುದು ಸುಲಭವಾಗುತ್ತಿತ್ತು.

"ಎರಡು ವರ್ಷದ ಹಿಂದೆ ಕಿವಿ ಕೇಳದ ಇಬ್ಬರು ನನ್ನ ಹತ್ರ ಬಂದಿದ್ರು. ಮೊದಲನೇ ದಿನವೇ ಹೇಳಿದ್ರು. ಒಬ್ಬೊಬ್ಬರಿಗೆ ಒಬ್ಬೊಬ್ಬರನ್ನ ಜೊತೆ ಹಾಕಿ, ಕೈ ಹಿಡ್ಕೊಂಡು ಕರ್ಕೊಂಡು ಹೋಗಿದ್ದೆ. ಅವರಷ್ಟು ಚೆನ್ನಾಗಿ ನೀರೊಳಗೆ ಇದ್ದೋರನ್ನ ನಾನು ನೋಡಿಲ್ಲ. ನೀನೂ ಹೇಳಿದ್ರೆ ಕರ್ಕೊಂಡು ಹೋಗ್ತಿದ್ದೆ. ಈಗ ಆಗಲ್ಲ. ಅವರಿಗೆ ಕೇಳಿಸಲ್ಲ ಅಂತಲ್ಲ. ನಾನು ಹೇಳಿದ್ದು ನಿನ್ನಿಂದ ಅವರಿಗೆ ಸರಿಯಾಗಿ ತಲುಪುತ್ತೆ ಅಂತ ನನಗೆ ನಂಬಿಕೆ ಇಲ್ಲ. ನೀರೊಳಗೆ ಅಷ್ಟು ನಂಬಿಕೆನೂ ಇಲ್ಲದೆ ಇದ್ರೆ ಆಗಲ್ಲಮ್ಮ."

ಇದನ್ನು ಸೋಸುವಂತಿರಲಿಲ್ಲ. ಒಂದು ಪದ ಬಿಡದೆ ಇವಳು ಕೈಯಲ್ಲಿ ಹೇಳಿದಳು. ಕರ್ಕೊಂಡು ಹೋಗ್ತಿದ್ದೆ ಎನ್ನುವಲ್ಲಿ ಬೆರಳು ತಪ್ಪಿತು. ಮತ್ತೆ ಸರಿಯಾಗಿ ಹೇಳಿದಳು. ಕರೆ ನಿಂತ ಸದ್ದು ಇವಳೊಬ್ಬಳಿಗೇ ಕೇಳಿಸಿತು. ಅದನ್ನೂ ಹೇಳಿದಳು.

ಅಪ್ಪ ಕುರ್ಚಿ ಎಳೆದು ಕುಳಿತ. "ಇವನಿಗಿಂತ ಮುಂಚೆ ಎಷ್ಟು ಜನ?"

"ಹದಿಮೂರು."

"ಒಬ್ಬೊಬ್ಬರೂ ಏನಂದ್ರು, ಹೇಳು. ಅವರು ಅಂದ ಹಾಗೇ ಹೇಳು."

ಹೇಳಿದಳು. ಜೈಲಿಗೆ ಹೋಗಬೇಕಾ ಎಂದವನಿಂದ ಶುರು ಮಾಡಿ, ನಕ್ಕವಳು, ಗಾಜಿನ ದೋಣಿಯವನು, ಕಣಮ್ಮ ಎಂದವಳು, ಎಲ್ಲರೂ ಇವಳ ಕೈಯಿಂದ ಹೊರಬಂದರು. ತೋಳು ಸೋತು ಕೆಳಗಿಳಿದರೆ ಅಪ್ಪ ಕಾದ. ಮತ್ತೆ ಮುಂದುವರಿಸು ಎಂದ. ಎಲ್ಲ ಮುಗಿದ ಮೇಲೆ ಅಮ್ಮ ಒಂದೇ ಮಾತು ಕೇಳಿದಳು. "ಮೊದಲನೇ ದಿನ ನಾನು ಎದ್ದು ಬಂದು ನಿನ್ನ ತಬ್ಕೊಂಡೆನಲ್ಲ. ಆಗಲೂ ಅವರು ಇಲ್ಲ ಅಂತಲೇ ಅಂದಿದ್ರಾ?"

"ಹೌದಮ್ಮ."

ಅಮ್ಮನ ಕೈಗಳು ಮಡಿಲಿಗೆ ಬಿದ್ದವು. ಆಮೇಲೆ ಅವು ಏಳಲಿಲ್ಲ.

ಸಂದಿಹಲ್ಲು ಅಕ್ಕನ ಅಂಗಿ ಹಿಡಿದು ಜಗ್ಗಿದಳು. "ಅಂದ್ರೆ ನಾವು ಹೋಗಲ್ವಾ?"

ಇವಳ ಕೈ ಹಳೆಯ ರೂಢಿಯಲ್ಲಿ ತಟಕ್ಕನೆ ಮೇಲೆದ್ದಿತು. ಹೋಗ್ತೀವಿ, ಇನ್ನೊಂದು ಕಡೆ ಕೇಳಿ ನೋಡ್ತೀನಿ, ಎಂದು ಶುರು ಮಾಡುವಷ್ಟರಲ್ಲಿ ಅಪ್ಪ ಇವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದ. ಆ ಮನೆಯಲ್ಲಿ ಅದು ಬಾಯಿ ಮುಚ್ಚಿ ಹಿಡಿದ ಹಾಗೆ. ಎಂಥ ಸಿಟ್ಟಿನಲ್ಲೂ ಅಪ್ಪ ಯಾರಿಗೂ ಹಾಗೆ ಮಾಡಿದವನಲ್ಲ. ಹಿಡಿದ ಕೈ ಬಿಡದೆ, ಇನ್ನೊಂದು ಕೈಯಲ್ಲಿ ಚಿಕ್ಕವಳಿಗೆ ಹೇಳಿದ.

"ದ್ವೀಪಕ್ಕೆ ಹೋಗ್ತೀವಿ. ಟಿಕೆಟ್ ಇದೆ. ಅಮ್ಮನ ಜೊತೆ ಎಲ್ಲರೂ ಮೇಲೇ ತೇಲಿ ನೋಡ್ತೀವಿ. ಕೆಳಗೆ ಹೋಗೋಕೆ ಆಗಲ್ಲ. ಕರ್ಕೊಂಡು ಹೋಗೋನು ಒಬ್ಬ ಇದ್ದ. ಅಕ್ಕ ಸುಳ್ಳು ಹೇಳಿದ್ಲು, ಅವನು ಬಿಟ್ಟುಬಿಟ್ಟ." ಆಮೇಲೆ ಇವಳ ಮಣಿಕಟ್ಟು ಬಿಟ್ಟು, ಇವಳ ಕಡೆ ತಿರುಗಿದ. "ಆಗಲ್ಲ ಅನ್ನೋದು ನನಗೇನು ಹೊಸದಾ? ಐವತ್ತು ವರ್ಷದಿಂದ ನೋಡ್ತಿದೀನಿ ಜನರ ಮುಖದಲ್ಲಿ. ಅದನ್ನ ತಡ್ಕೋತಿದ್ದೆ. ಇನ್ಮೇಲೆ ನಮ್ಮ ಪರವಾಗಿ ನೀನು ಯಾರ ಹತ್ರಾನೂ ಮಾತಾಡಬೇಡ. ಚಿಕ್ಕೋಳು ಬರೀತಾಳೆ. ತಪ್ಪಿದ್ರೂ ಪರವಾಗಿಲ್ಲ."

ಸಂದಿಹಲ್ಲು ಅಕ್ಕನನ್ನು ನೋಡುತ್ತಲೇ ನಿಂತಿದ್ದಳು. ಅವಳ ಕೈ ತೀರಾ ಸಣ್ಣಗೆ, ಎದೆಯ ಹತ್ತಿರವೇ ಆಡಿತು. "ನಾವು ಆ ಕಡೆ ತಿರುಗಿ ನಿಂತಾಗ ಅವನು ಕರೀತಿದ್ನಾ?"

"ಹೌದು."

"ನೀರೊಳಗೂ ಹಾಗೇ ಕರೀತಿದ್ನಾ? ನನಗೆ ಗೊತ್ತಾಗದೇ?"

"ಹೌದು."

ತಂಗಿ ಕಣ್ಣು ಮುಚ್ಚಿಕೊಂಡಳು. ರೆಪ್ಪೆ ಸುಕ್ಕುಗಟ್ಟುವ ಹಾಗೆ, ಬಿಗಿಯಾಗಿ. ಬೇರೆಯವರ ಮನೆಯಲ್ಲಿ ಮುನಿಸಿಕೊಂಡವರು ಎಷ್ಟೇ ಮುಖ ತಿರುಗಿಸಲಿ, ಆಡಿದ ಮಾತು ಹೇಗೋ ಒಳಗೆ ಹೋಗುತ್ತದೆ. ಈ ಮನೆಯಲ್ಲಿ ಕಣ್ಣು ಮುಚ್ಚಿದರೆ ಮುಗಿಯಿತು. ಇವಳು ತಂಗಿಯ ಮುಂದೆ ಮಂಡಿಯೂರಿ, ತಪ್ಪಾಯಿತು ಎಂದು ಕೈಯಲ್ಲಿ ಹೇಳಿದಳು. ಭುಜ ಮುಟ್ಟಿದಳು, ಕೆನ್ನೆ ಮುಟ್ಟಿದಳು, ಮತ್ತೆ ಹೇಳಿದಳು. ಕಣ್ಣು ತೆರೆಯಲಿಲ್ಲ. ಕೊನೆಗೆ ಬಾಯಿ ಬಿಟ್ಟು, ಕೋಣೆ ತುಂಬುವಷ್ಟು ಜೋರಾಗಿ, "ತಪ್ಪಾಯ್ತು ಕಣೇ, ತಪ್ಪಾಯ್ತು," ಎಂದಳು. ಅದನ್ನು ಕೇಳಿಸಿಕೊಂಡವಳು ಅವಳೊಬ್ಬಳೇ.